ಖಾಲಿ ಬಂಗಲೆ, ತಲೆತುಂಬ ಸಾಲ, ಒಬ್ಬ ರೋಗಿ

ಲಿಯೊನಾರ್ಡ್ ಚೆಶೈರ್ ಅವರ ಬದುಕನ್ನು ಮೂರೇ ಸಾಲಿನಲ್ಲಿ ಹೇಳಿ ಮುಗಿಸುವವರು ಬಹಳ ಜನ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯ ದೊಡ್ಡ ವೀರ. ನಾಗಸಾಕಿಯ ಮೇಲೆ ಅಣುಬಾಂಬ್ ಬಿದ್ದದ್ದನ್ನು ವಿಮಾನದಲ್ಲಿ ಕೂತು ಕಣ್ಣಾರೆ ಕಂಡರು. ಮನಸ್ಸು ಕಲಕಿತು, ಯೂನಿಫಾರ್ಮ್ ಕಳಚಿಟ್ಟು ರೋಗಿಗಳ ಸೇವೆಗೆ ನಿಂತರು. ನಮಗಂತೂ ಇದು ಕೇಳಿದ ಕೂಡಲೇ ಹಿಡಿಸಿಬಿಡುತ್ತದೆ. ಕಳಿಂಗದ ರಣರಂಗ, ಅಶೋಕ, ಪಶ್ಚಾತ್ತಾಪ ಅಂತ ಪ್ರೈಮರಿ ಸ್ಕೂಲಿನಿಂದಲೂ ಕೇಳಿಕೊಂಡು ಬಂದಿದ್ದೇವಲ್ಲ.

ತೊಂದರೆ ಏನೆಂದರೆ, ಚೆಶೈರ್ ಅವರೇ ಈ ಕತೆಯನ್ನು ಒಪ್ಪುತ್ತಿರಲಿಲ್ಲ. ಬಾಂಬ್ ಹಾಕಿದ್ದರಿಂದಲೇ ಯುದ್ಧ ಅಷ್ಟು ಬೇಗ ಮುಗಿಯಿತು, ಇಲ್ಲದಿದ್ದರೆ ಇನ್ನೂ ಲಕ್ಷಾಂತರ ಜನ ಸಾಯುತ್ತಿದ್ದರು ಎಂಬ ಮಾತಿಗೆ ಅವರು ಕೊನೆಯವರೆಗೂ ಅಂಟಿಕೊಂಡಿದ್ದರು. ಅಣ್ವಸ್ತ್ರ ಬೇಡ ಎಂಬ ಚಳವಳಿಗಳ ಜೊತೆ ಸೇರಲಿಲ್ಲ. ಈ ವಿಷಯದಲ್ಲಿ ನನಗೆ ಅವರ ಮಾತು ಒಪ್ಪಿಗೆಯಿಲ್ಲ. ಆದರೆ ಅವರು ಹೇಳದ ಪಶ್ಚಾತ್ತಾಪವನ್ನು ಅವರ ಬಾಯಿಗೆ ತುರುಕುವುದೂ ಸರಿಯಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಕತೆ ಹೇಳುವ ಭರದಲ್ಲಿ ನಿಜಕ್ಕೂ ನಡೆದದ್ದು ಮರೆಯಾಗಿಬಿಡುತ್ತದೆ. ನಡೆದದ್ದರಲ್ಲಿ ಸೋಲಿದೆ, ಸಾಲವಿದೆ, ಹಂದಿ ಸಾಕುತ್ತಿದ್ದ ಒಬ್ಬ ಕಾಯಿಲೆ ಮನುಷ್ಯನಿದ್ದಾನೆ.

ಮೊದಲು ಯುದ್ಧದ ಭಾಗ. ಅದನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ.

ಚೆಶೈರ್ ಹುಟ್ಟಿದ್ದು 1917ರ ಸೆಪ್ಟೆಂಬರ್ 7ರಂದು, ಇಂಗ್ಲೆಂಡಿನ ಚೆಸ್ಟರ್‌ನಲ್ಲಿ. ಅಪ್ಪ ಆಕ್ಸ್‌ಫರ್ಡ್‌ನಲ್ಲಿ ಕಾನೂನು ಮೇಷ್ಟ್ರು. ನಮ್ಮಲ್ಲಿ ಎಲ್‌ಎಲ್‌ಬಿ ಓದಿದವರು ಕಾಂಟ್ರ್ಯಾಕ್ಟ್ ಕಾನೂನಿನ ಪುಸ್ತಕದ ಮೇಲೆ ಕಂಡ ಚೆಶೈರ್ ಎಂಬ ಹೆಸರು ಈ ಅಪ್ಪನದೇ. ಮಗನೂ ಆಕ್ಸ್‌ಫರ್ಡ್‌ನಲ್ಲೇ ಕಾನೂನು ಓದಿದರು, ಆದರೆ ಗಮನ ಓದಿನ ಮೇಲೆ ಅಷ್ಟಕ್ಕಷ್ಟೇ. ವೇಗದ ಕಾರು, ಪಾರ್ಟಿ, ಬೆಟ್ಟು. ಜೇಬಿನಲ್ಲಿ ಚಿಲ್ಲರೆ ಕಾಸು ಇಟ್ಟುಕೊಂಡು ಪ್ಯಾರಿಸ್‌ವರೆಗೆ ಹೋಗಿಬರುತ್ತೇನೆ ಅಂತ ಅರ್ಧ ಪಿಂಟ್ ಬಿಯರ್‌ಗೆ ಬೆಟ್ಟು ಕಟ್ಟಿ, ಹೋಗಿ ಗೆದ್ದ ಆಸಾಮಿ. ಯೂನಿವರ್ಸಿಟಿಯಲ್ಲಿ ವಾಯುಪಡೆಯ ತುಕಡಿ ಇತ್ತು, ವಿಮಾನ ಹಾರಿಸುವುದನ್ನು ಅಲ್ಲೇ ಕಲಿತರು. ಯುದ್ಧ ಶುರುವಾದಾಗ ವಯಸ್ಸು 22 ತುಂಬುವುದರಲ್ಲಿತ್ತು.

ಆಗ ಬಾಂಬರ್ ವಿಮಾನದಲ್ಲಿ ಹೋಗುವುದು ಅಂದರೆ ಏನು ಎನ್ನುವುದಕ್ಕೆ ಒಂದು ಲೆಕ್ಕ ಸಾಕು. ಬ್ರಿಟನ್ನಿನ ಬಾಂಬರ್ ಕಮಾಂಡ್‌ನಲ್ಲಿ ಹಾರಿದವರು ಸುಮಾರು 1,25,000 ಜನ. ಅವರಲ್ಲಿ 55,000ಕ್ಕೂ ಹೆಚ್ಚು ಜನ ಸತ್ತರು. ಸಾಮಾನ್ಯವಾಗಿ 30 ದಾಳಿ ಮುಗಿಸಿದರೆ ಒಂದು ಪಾಳಿ ಮುಗಿದ ಹಾಗೆ, ಆಮೇಲೆ ವಿಶ್ರಾಂತಿ. ಆ 30 ಮುಗಿಯುವ ಮೊದಲೇ ಹೋಗಿಬಿಟ್ಟವರು ಎಷ್ಟೋ. ಚೆಶೈರ್ 100 ದಾಳಿ ಮುಗಿಸಿದರು. 1940ರ ನವೆಂಬರ್‌ನಲ್ಲಿ ಜರ್ಮನಿಯ ಮೇಲೆ ಹಾರುತ್ತಿದ್ದಾಗ ಅವರ ವಿಮಾನಕ್ಕೆ ಗುಂಡು ಬಡಿದು ಒಳಗೇ ಬೆಂಕಿ ಹತ್ತಿತು, ಪಕ್ಕದಲ್ಲಿ ಮನುಷ್ಯ ದಾಟುವಷ್ಟು ದೊಡ್ಡ ತೂತಾಯಿತು. ಅದೇ ವಿಮಾನವನ್ನು ಊರಿಗೆ ತಂದು ಇಳಿಸಿದರು. ಮೊದಲ ದೊಡ್ಡ ಪದಕ ಬಂದದ್ದು ಅದಕ್ಕೆ.

ಯುದ್ಧದ ಕತೆಗಳು ಸಾಕಷ್ಟಿವೆ, ಒಂದನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1943ರಲ್ಲಿ, 25ನೇ ವಯಸ್ಸಿಗೇ ಅವರು ಗ್ರೂಪ್ ಕ್ಯಾಪ್ಟನ್ ಆದರು. ವಾಯುಪಡೆಯಲ್ಲಿ ಆ ಹುದ್ದೆಗೆ ಏರಿದ ಅತಿ ಕಿರಿಯರಲ್ಲಿ ಅವರೂ ಒಬ್ಬರು. ಆದರೆ ಆ ಹುದ್ದೆ ಅಂದರೆ ಮೇಜು, ಕುರ್ಚಿ, ಫೈಲು. ಅದು ಬೇಡ ಅಂತ ತಾವೇ ಕೇಳಿಕೊಂಡು ಒಂದು ಮೆಟ್ಟಿಲು ಕೆಳಗಿಳಿದು 617ನೇ ಸ್ಕ್ವಾಡ್ರನ್‌ಗೆ ಮುಖ್ಯಸ್ಥರಾಗಿ ಹೋದರು. ಜರ್ಮನಿಯ ಅಣೆಕಟ್ಟುಗಳನ್ನು ಒಡೆದು ಹೆಸರು ಮಾಡಿದ್ದ ತಂಡ ಅದು. ಪ್ರಮೋಷನ್ ಬೇಡ ಅಂತ ಅರ್ಜಿ ಹಾಕಿದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

1944ರ ಫೆಬ್ರುವರಿ 8ರ ರಾತ್ರಿ. ಫ್ರಾನ್ಸಿನ ಲಿಮೋಜ್‌ನಲ್ಲಿದ್ದ ವಿಮಾನ ಎಂಜಿನ್ ಕಾರ್ಖಾನೆಯನ್ನು ಹೊಡೆಯಬೇಕು. ಅದು ಜರ್ಮನ್ನರ ವಶದಲ್ಲಿತ್ತು, ಆದರೆ ರಾತ್ರಿ ಪಾಳಿಯಲ್ಲಿ ದುಡಿಯುತ್ತಿದ್ದವರು ಫ್ರೆಂಚರು, ಅದರಲ್ಲೂ ಹೆಂಗಸರೇ ಜಾಸ್ತಿ. ಚೆಶೈರ್ ತಮ್ಮ ಲ್ಯಾಂಕಾಸ್ಟರ್ ವಿಮಾನವನ್ನು ಕಾರ್ಖಾನೆಯ ಛಾವಣಿಗೆ ತಾಗುತ್ತದೇನೋ ಅನ್ನುವಷ್ಟು ಕೆಳಗೆ ತಂದು, ಬಾಂಬ್ ಹಾಕದೆ ಹಾಗೇ ಹಾದುಹೋದರು. ಮತ್ತೆ ತಿರುಗಿ ಬಂದರು. ಮತ್ತೆ ಹಾಗೇ ಹೋದರು. ಒಟ್ಟು ಮೂರು ಸಲ. ದೀಪಗಳು ಆರಿದವು, ಒಳಗಿದ್ದವರು ಹೊರಗೆ ಓಡಿದರು. ನಾಲ್ಕನೇ ಸಲ ಬಂದಾಗಷ್ಟೇ ಗುರಿ ತೋರಿಸುವ ಬೆಂಕಿ ಬಾಂಬ್‌ಗಳನ್ನು ಉದುರಿಸಿದರು, ಹಿಂದೆ ಕಾದಿದ್ದ ಉಳಿದ ವಿಮಾನಗಳು ಆ ಗುರಿಗೆ ಹೊಡೆದವು. ಕಾರ್ಖಾನೆ ಹಾಳಾಯಿತು.

ಶತ್ರುವಿಗೆ ನಾವು ಬಂದಿದ್ದೇವೆ ಅಂತ ಮೂರು ಸಲ ಹೇಳಿಹೋಗುವುದು ಯುದ್ಧದ ಲೆಕ್ಕದಲ್ಲಿ ಪೆದ್ದುತನ. ಅವರ ಹಿಂದೆ ಇನ್ನೂ ಹನ್ನೊಂದು ವಿಮಾನಗಳಿದ್ದವು, ಅವುಗಳಲ್ಲಿ ಅವರನ್ನೇ ನಂಬಿಕೊಂಡ ಹುಡುಗರಿದ್ದರು. ಹಾಗಂತ ಅವರು ಮೃದು ಮನಸ್ಸಿನ ಸಂತರಾಗಿದ್ದರು ಎಂದುಕೊಳ್ಳಬೇಡಿ. ಜರ್ಮನಿಯ ಊರುಗಳ ಮೇಲೆ ರಾತ್ರಿ ರಾತ್ರಿ ಬಾಂಬ್ ಸುರಿದವರಲ್ಲಿ ಅವರೂ ಒಬ್ಬರು. ಆ ಊರುಗಳಲ್ಲೂ ಹೆಂಗಸರು ಮಕ್ಕಳು ಇದ್ದರು. ಲಿಮೋಜ್‌ನ ರಾತ್ರಿ ಅದನ್ನು ಅಳಿಸುವುದಿಲ್ಲ. ಎರಡನ್ನೂ ಮಾಡಿದ್ದು ಒಬ್ಬರೇ.

ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಾಮಾನ್ಯವಾಗಿ ಯಾವುದೋ ಒಂದು ಗಳಿಗೆಯ ಸಾಹಸಕ್ಕೆ ಸಿಗುವಂಥದ್ದು. ಚೆಶೈರ್‌ಗೆ ಅದು ಸಿಕ್ಕಿದ್ದು ನಾಲ್ಕು ವರ್ಷ ಬಿಡದೆ ಮಾಡಿದ ಕೆಲಸಕ್ಕೆ. 1944ರ ಸೆಪ್ಟೆಂಬರ್ 8ರಂದು ಪ್ರಕಟವಾಯಿತು, 27 ತುಂಬಿದ ಮಾರನೇ ದಿನ. ಅರಮನೆಯಲ್ಲಿ ಪದಕ ಕೊಡುವ ದಿನ ನಾರ್ಮನ್ ಜಾಕ್ಸನ್ ಎಂಬ ಇನ್ನೊಬ್ಬರೂ ಅದೇ ಪದಕಕ್ಕೆ ಬಂದಿದ್ದರು. ಹುದ್ದೆಯಲ್ಲಿ ಚೆಶೈರ್‌ಗಿಂತ ಎಷ್ಟೋ ಕೆಳಗಿನವರು. ಹಾರುತ್ತಿದ್ದ ವಿಮಾನದ ರೆಕ್ಕೆಯ ಮೇಲೆ ತೆವಳಿಕೊಂಡು ಹೋಗಿ ಬೆಂಕಿ ಆರಿಸಲು ನೋಡಿದ ಮನುಷ್ಯ. ನನಗಿಂತ ಇವರದು ದೊಡ್ಡದು, ಮೊದಲು ಇವರಿಗೆ ಕೊಡಿ ಅಂತ ಚೆಶೈರ್ ರಾಜನ ಬಳಿ ಕೇಳಿದರಂತೆ. ಪದ್ಧತಿ ಬಿಡಲಿಲ್ಲ. ಹುದ್ದೆಯ ಪ್ರಕಾರವೇ ಕೊಟ್ಟರು.

ಇನ್ನು ನಾಗಸಾಕಿ. 1945ರ ಆಗಸ್ಟ್ 9ರಂದು ಬ್ರಿಟನ್ನಿನ ಪರವಾಗಿ ನೋಡಲು ಹೋದವರು ಇಬ್ಬರು: ವಿಜ್ಞಾನಿ ವಿಲಿಯಂ ಪೆನ್ನಿ ಮತ್ತು ಚೆಶೈರ್. ಇವರಿದ್ದ ವಿಮಾನ ಬಾಂಬ್ ಹೊತ್ತ ವಿಮಾನವನ್ನು ಸೇರಬೇಕಾದ ಜಾಗದಲ್ಲಿ ಸೇರಲೇ ಇಲ್ಲ. ಹಾಗಾಗಿ ಅವರು ಕಂಡದ್ದು ಹತ್ತಾರು ಕಿಲೋಮೀಟರ್ ದೂರದಿಂದ. ಮೊದಲು ಬೆಳಕು, ಆಮೇಲೆ ಮೇಲೇರುತ್ತಿದ್ದ ಮೋಡ. ಮರುವರ್ಷ ಜನವರಿಯಲ್ಲಿ ವಾಯುಪಡೆ ಬಿಟ್ಟರು. ಕಾರಣ ನರಗಳ ಬಳಲಿಕೆ ಅಂತ ವೈದ್ಯರು ಬರೆದರು.

ಕೆಲಸ ಬಿಟ್ಟ ಚೆಶೈರ್ ನೇರವಾಗಿ ರೋಗಿಗಳ ಹತ್ತಿರ ಹೋಗಲಿಲ್ಲ. ಅವರ ತಲೆಯಲ್ಲಿ ಇದ್ದದ್ದು ಮಾಜಿ ಸೈನಿಕರ ಕಾಲೊನಿ. ಯುದ್ಧ ಮುಗಿಸಿ ಬಂದ ಹುಡುಗರಿಗೆ ಮನೆಯಿಲ್ಲ, ಕೆಲಸವಿಲ್ಲ, ರಾತ್ರಿ ನಿದ್ದೆಯಿಲ್ಲ. ಎಲ್ಲರೂ ಒಟ್ಟಿಗೆ ಇದ್ದು, ಬೇಸಾಯ ಮಾಡಿಕೊಂಡು, ಒಬ್ಬರಿಗೊಬ್ಬರು ಆಗಿಕೊಂಡು ಬದುಕೋಣ ಎಂಬ ಯೋಜನೆ. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಮೊದಲು ಲೆಸ್ಟರ್‌ಶೈರ್‌ನಲ್ಲಿ, ಆಮೇಲೆ ಹ್ಯಾಂಪ್‌ಶೈರ್‌ನ ಲೆ ಕೋರ್ಟ್ ಎಂಬ ದೊಡ್ಡ ಬಂಗಲೆಯಲ್ಲಿ ನಡೆಸಿದರು. ಜಗಳ, ಮೈಗಳ್ಳತನ, ದುಡ್ಡಿನ ಲೆಕ್ಕವಿಲ್ಲ. ಚೆಶೈರ್ ಆರೋಗ್ಯ ಕೆಟ್ಟು ಸುಧಾರಿಸಿಕೊಳ್ಳಲು ಕೆನಡಾಕ್ಕೆ ಹೋಗಿದ್ದಾಗ ಇಡೀ ಯೋಜನೆ ಕುಸಿದುಬಿತ್ತು. 1947ರ ಹೊತ್ತಿಗೆ ಜನ ಚದುರಿದರು. ಉಳಿದದ್ದು ಖಾಲಿ ಬಂಗಲೆ ಮತ್ತು ಸಾಲ. ನೂರು ದಾಳಿಗಳಲ್ಲಿ ತಂಡ ನಡೆಸಿದವರಿಗೆ ಒಂದು ಮನೆಯಲ್ಲಿ ನಾಲ್ಕು ಜನರನ್ನು ಹೊಂದಿಸಿಕೊಂಡು ಹೋಗಲು ಆಗಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸೈನ್ಯದಲ್ಲಿ ಹೇಳಿದ್ದನ್ನು ಜನ ಕೇಳುತ್ತಾರೆ. ಮನೆಯಲ್ಲಿ ಪಾತ್ರೆ ಯಾರು ತೊಳೆಯಬೇಕು ಎಂಬಲ್ಲಿಗೆ ಎಲ್ಲಾ ಪದವಿಗಳೂ ಮುಗಿಯುತ್ತವೆ.

ಆಗ ಬಂತು ಆಸ್ಪತ್ರೆಯಿಂದ ಫೋನು. ಕಾಲೊನಿಯಲ್ಲಿ ಹಂದಿಗಳನ್ನು ನೋಡಿಕೊಳ್ಳುತ್ತಿದ್ದ ಆರ್ಥರ್ ಡೈಕ್ಸ್ ಎಂಬುವರು ಅಲ್ಲಿ ಮಲಗಿದ್ದಾರೆ. ಕ್ಯಾನ್ಸರ್. ಇನ್ನು ಮಾಡುವುದೇನೂ ಇಲ್ಲ. ಬೆಡ್ ಬೇರೆಯವರಿಗೆ ಬೇಕು, ಇವರಿಗೆ ಬೇರೆ ದಿಕ್ಕಿಲ್ಲ, ನೀವು ಏನಾದರೂ ಮಾಡಬಹುದೇ? ಚೆಶೈರ್ ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಬೇರೆ ಕಡೆ ಜಾಗ ಹುಡುಕಿದರು. ಸಿಗಲಿಲ್ಲ. ಆಗಿನ್ನೂ ದೊಡ್ಡದಾಗಿ ಶುರುವಾಗುವುದರಲ್ಲಿತ್ತು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ. ಅದು ವಾಸಿಯಾಗುವವರಿಗೆ. ವಾಸಿಯಾಗದೆ, ಬೇಗ ಸಾಯಲೂ ಆಗದೆ ಮಧ್ಯದಲ್ಲಿ ಸಿಕ್ಕಿಕೊಂಡವರನ್ನು ಎಲ್ಲಿಡಬೇಕು ಅಂತ ಯಾರೂ ಸರಿಯಾಗಿ ಯೋಚಿಸಿರಲಿಲ್ಲ.

ಡೈಕ್ಸ್‌ಗೆ ತಮ್ಮ ಕಾಯಿಲೆ ಏನೆಂದು ಯಾರೂ ಹೇಳಿರಲಿಲ್ಲ. ಹೇಳಿದ್ದು ಚೆಶೈರ್. ನೀವು ಬದುಕುವುದಿಲ್ಲ ಅಂತ ಮುಖ ನೋಡಿ ಹೇಳುವುದು ಎಷ್ಟು ಕಷ್ಟ ಎನ್ನುವುದು ಮನೆಯಲ್ಲಿ ಇಂಥ ರೋಗಿ ಇದ್ದವರಿಗೆ ಗೊತ್ತು. ನಾವು ಎದುರಿಗೆ ಏನೂ ಆಗಲ್ಲ ಬಿಡಿ ಅಂತೇವೆ, ಅಡುಗೆಮನೆಗೆ ಬಂದು ಪಿಸುಗುಡುತ್ತೇವೆ. ಡೈಕ್ಸ್ ಕುಸಿದುಬೀಳಲಿಲ್ಲ. ಗೊತ್ತಿಲ್ಲದೆ ಒದ್ದಾಡುವುದಕ್ಕಿಂತ ಇದೇ ವಾಸಿ ಅನ್ನಿಸಿತು ಅವರಿಗೆ. 1948ರಲ್ಲಿ ಅವರನ್ನು ಲೆ ಕೋರ್ಟ್‌ಗೆ ಕರೆತಂದರು.

ಈಗ ಆ ಮನೆಯನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಸಾಲಕ್ಕೆ ಸಾಮಾನು ಮಾರಿಯಾದ ದೊಡ್ಡ ಬಂಗಲೆ. ಇಬ್ಬರೇ ಗಂಡಸರು. ಒಬ್ಬರು ಹಾಸಿಗೆಯಲ್ಲಿ. ಇನ್ನೊಬ್ಬರಿಗೆ ನರ್ಸಿಂಗ್‌ನ ಗಂಧಗಾಳಿ ಇಲ್ಲ. ಬೆಡ್‌ಪ್ಯಾನ್ ಇಡುವುದು, ಮಲಗಿದವರನ್ನು ಹೊರಳಿಸಿ ಕೆಳಗಿನ ಬೆಡ್‌ಶೀಟ್ ಎಳೆದು ಬದಲಿಸುವುದು, ಮೈ ಒರೆಸುವುದು, ಬೆನ್ನಿಗೆ ಹುಣ್ಣಾಗದಂತೆ ನೋಡುವುದು, ಗಂಟಲಿಗೆ ಇಳಿಯುವ ಹಾಗೆ ಏನಾದರೂ ಬೇಯಿಸುವುದು. ಎಲ್ಲವನ್ನೂ ಮಾಡುತ್ತಾ ಮಾಡುತ್ತಾ ಕಲಿತರು. ಶತ್ರುವಿನ ಗುಂಡಿನ ಮಳೆಯಲ್ಲಿ ವಿಮಾನ ನಡೆಸಲು ಧೈರ್ಯ ಬೇಕು, ಸರಿ. ಆದರೆ ಅದು ಕೆಲವು ಗಂಟೆಗಳದು. ಇಲ್ಲಿ ಬೆಳಗ್ಗೆ ಎದ್ದರೆ ಮತ್ತೆ ಅದೇ ವಾಸನೆ, ಅದೇ ನರಳಾಟ, ಪದಕ ಕೊಡಲು ಯಾವ ರಾಜನೂ ಬರುವುದಿಲ್ಲ. ನಮ್ಮ ಮನೆಗಳಲ್ಲಿ ಅಮ್ಮ, ಅಕ್ಕ, ಸೊಸೆ ಎನಿಸಿಕೊಂಡವರು ಸುಮ್ನೆ ಮಾಡಿಕೊಂಡು ಬಂದ ಕೆಲಸ ಇದು. ಒಬ್ಬ ಯುದ್ಧವೀರ ಮಾಡಿದಾಗ ಸುದ್ದಿಯಾಯಿತು ಎನ್ನುವುದನ್ನೂ ಹೇಳಿಬಿಡಬೇಕು.

ಆ ಆಗಸ್ಟ್‌ನಲ್ಲಿ ಡೈಕ್ಸ್ ತೀರಿಕೊಂಡರು. ಅಷ್ಟರಲ್ಲಿ ಇನ್ನೊಂದು ಕೋರಿಕೆ ಬಂದಿತ್ತು. ಹಾಸಿಗೆ ಹಿಡಿದ, 90 ದಾಟಿದ ಅಜ್ಜಿ. ಅವರನ್ನೂ ಕರೆತಂದರು. ಸುದ್ದಿ ಬಾಯಿಂದ ಬಾಯಿಗೆ ಹೋಯಿತು, ಒಬ್ಬರ ಹಿಂದೆ ಒಬ್ಬರು ಬಂದರು. ಮರುವರ್ಷದ ಹೊತ್ತಿಗೆ ಮನೆ ತುಂಬಿತ್ತು. ಸಂಬಳದ ಸಿಬ್ಬಂದಿ ಇರಲಿಲ್ಲ, ಹಾಗಾಗಿ ಕೈ ಆಡಿಸಲು ಆಗುವ ರೋಗಿಗಳೇ ಉಳಿದವರಿಗೆ ನೆರವಾದರು, ಸುತ್ತಲಿನ ಊರಿನವರು ಬಂದು ಕೈಜೋಡಿಸಿದರು. ಸಂಸ್ಥೆ ಕಟ್ಟೋಣ ಅಂತ ಕೂತು ಯೋಜನೆ ಹಾಕಿದ್ದು ನೆಲ ಕಚ್ಚಿತ್ತು. ಬೇರೆ ದಾರಿ ಕಾಣದೆ ಒಬ್ಬರನ್ನು ಮನೆಗೆ ಸೇರಿಸಿಕೊಂಡದ್ದು ಬೆಳೆಯಿತು. ಅಶೋಕನ ಅಚ್ಚಿನಲ್ಲಿ ಈ ಭಾಗಕ್ಕೆ ಜಾಗವೇ ಇಲ್ಲ.

ಡೈಕ್ಸ್ ಕ್ಯಾಥೊಲಿಕ್. ಅವರ ಸಾವಿನ ನಂತರ ಚೆಶೈರ್ ಕೂಡ ಅದೇ ವರ್ಷದ ಕ್ರಿಸ್ಮಸ್ ಹಿಂದಿನ ದಿನ ಕ್ಯಾಥೊಲಿಕ್ ಚರ್ಚ್ ಸೇರಿದರು. ಸೇರಿದ್ದು ಅಂತಿಂಥ ಉತ್ಸಾಹದಲ್ಲಲ್ಲ. ಏಸುವಿನ ದೇಹಕ್ಕೆ ಸುತ್ತಿದ್ದು ಅಂತ ಭಕ್ತರು ನಂಬುವ ಟ್ಯುರಿನ್‌ನ ಪವಿತ್ರ ವಸ್ತ್ರದ ಚಿತ್ರಗಳನ್ನು ಬಸ್ಸಿನಲ್ಲಿ ಹಾಕಿಕೊಂಡು ಊರೂರು ಸುತ್ತಿ ಪ್ರಚಾರ ಮಾಡಿದರು. ನನ್ನಂಥವನಿಗೆ ಅವರ ಈ ಮುಖ ಹತ್ತಿರವಾಗುವುದಿಲ್ಲ. ಆದರೆ ಆ ನಂಬಿಕೆಯನ್ನು ಕಿತ್ತುಹಾಕಿ ಬರೀ ಸೇವೆಯನ್ನು ಇಟ್ಟುಕೊಳ್ಳುತ್ತೇನೆ ಅಂದರೆ ಸಿಗುವವರು ಚೆಶೈರ್ ಅಲ್ಲ.

1952ರಲ್ಲಿ ಅವರಿಗೇ ಟಿಬಿ. ಎರಡು ವರ್ಷಕ್ಕೂ ಹೆಚ್ಚು ಸ್ಯಾನಟೋರಿಯಂನಲ್ಲಿ ಮಲಗಿದರು. ಹಲವು ಆಪರೇಷನ್ ಆದವು, ಪಕ್ಕೆಲುಬುಗಳನ್ನು ತೆಗೆದರು. ವಿಚಿತ್ರ ಅಂದರೆ ಕೆಲಸ ಹರಡಿದ್ದು ಆ ಹೊತ್ತಿನಲ್ಲೇ. ಅವರ ವಿಧಾನ ಸರಳ. ಯಾವುದಾದರೂ ಊರಿನಲ್ಲಿ ಹಳೆಯ ಮನೆ ಹುಡುಕು, ಒಂದಿಬ್ಬರು ರೋಗಿಗಳನ್ನು ತಂದು ಇಡು, ಆ ಊರಿನವರದೇ ಒಂದು ಕಮಿಟಿ ಮಾಡು, ಹೊಣೆ ಅವರಿಗೆ ಒಪ್ಪಿಸಿ ಮುಂದಿನ ಊರಿಗೆ ಹೋಗು. ದುಡ್ಡು ಮೊದಲು ಕೂಡಿಬರಲಿ ಅಂತ ಕಾಯುವ ಜಾಯಮಾನ ಅಲ್ಲ. ಜೊತೆಗೆ ಕೆಲಸ ಮಾಡಿದವರು ತಲೆ ಚಚ್ಚಿಕೊಂಡಿರಲೇಬೇಕು.

ಇಂಗ್ಲೆಂಡಿನ ಆಚೆ ಮೊದಲ ಮನೆ ಶುರುವಾದದ್ದು ನಮ್ಮಲ್ಲೇ, ಮುಂಬೈನಲ್ಲಿ, 1956ರಲ್ಲಿ. ಡೆಹ್ರಾಡೂನ್‌ನಲ್ಲಿ ರಾಫೆಲ್ ಎಂಬ ಕೇಂದ್ರ ಬಂದದ್ದು 1959ರಲ್ಲಿ. ಕುಷ್ಠದಿಂದ ಕೈಕಾಲು ಕಳೆದುಕೊಂಡವರು, ಬುದ್ಧಿ ಬೆಳೆಯದ ಮಕ್ಕಳು ಅಂತ ಯಾರಿಗೂ ಬೇಡವಾದವರು ಅಲ್ಲಿಯ ಮೊದಲ ನಿವಾಸಿಗಳು. ಅದನ್ನು ಅವರು ಕಟ್ಟಿದ್ದು ಸೂ ರೈಡರ್ ಜೊತೆ. ಸೂ ಯುದ್ಧಕಾಲದಲ್ಲಿ ಬ್ರಿಟನ್ನಿನ ಗುಪ್ತ ಕಾರ್ಯಾಚರಣೆ ವಿಭಾಗದಲ್ಲಿದ್ದವರು. ಯುದ್ಧ ಮುಗಿದ ಮೇಲೆ ನಾಜಿ ಶಿಬಿರಗಳಿಂದ ಬದುಕಿ ಬಂದವರಿಗಾಗಿ ಪೋಲೆಂಡ್, ಜರ್ಮನಿ ಸುತ್ತಿದವರು. ಆಕೆಯದು ಬೇರೆಯೇ ಒಂದು ಬರಹಕ್ಕೆ ಆಗುವಷ್ಟು ದೊಡ್ಡ ಬದುಕು. ಇಬ್ಬರೂ 1959ರ ಏಪ್ರಿಲ್ 5ರಂದು ಮುಂಬೈನಲ್ಲಿ ಮದುವೆಯಾದರು. ಆಮೇಲೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸ ಹೋದರು. ಹನಿಮೂನ್ ಅಂದುಕೊಂಡಿರಾ? ರಾಫೆಲ್‌ಗೆ ಚಂದಾ ಎತ್ತಲು.

ಬೆಂಗಳೂರಿನಲ್ಲೂ ಚೆಶೈರ್ ಹೋಮ್ ಇದೆ. ಆ ಬೋರ್ಡು ನೋಡಿದವರಲ್ಲಿ ಎಷ್ಟೋ ಜನರಿಗೆ ಚೆಶೈರ್ ಅಂದರೆ ಒಬ್ಬ ಮನುಷ್ಯ ಎನ್ನುವುದೇ ಗೊತ್ತಿರಲಿಕ್ಕಿಲ್ಲ.

ಕೊನೆಯ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. ಇಪ್ಪತ್ತನೇ ಶತಮಾನದ ಯುದ್ಧಗಳಲ್ಲಿ ಸತ್ತ ಒಬ್ಬೊಬ್ಬರ ಹೆಸರಿನಲ್ಲೂ 5 ಪೌಂಡ್ ಕೂಡಿಸಿ, ವಿಕೋಪಗಳಲ್ಲಿ ಸಿಕ್ಕಿದವರಿಗೆ ನೆರವಾಗುವ ನಿಧಿ ಮಾಡಬೇಕೆಂದು ಹೊರಟರು. ಅದಕ್ಕಾಗಿ 1990ರ ಜುಲೈ 21ರಂದು ಬರ್ಲಿನ್‌ನಲ್ಲಿ ರೋಜರ್ ವಾಟರ್ಸ್ ಅವರ ಭಾರೀ ಸಂಗೀತ ಕಾರ್ಯಕ್ರಮ ನಡೆಯಿತು. ತಾವು ಬಾಂಬ್ ಹಾಕಲು ಹಾರುತ್ತಿದ್ದ ದೇಶದ ರಾಜಧಾನಿಯಲ್ಲಿ, 72ರ ಚೆಶೈರ್ ವಿಸಿಲ್ ಊದಿ ಅದನ್ನು ಶುರುಮಾಡಿದರು. ಜನ ಲಕ್ಷಗಟ್ಟಲೆ ಬಂದರು. ದುಡ್ಡು ಅಂದುಕೊಂಡಷ್ಟು ಬರಲಿಲ್ಲ. ಆಮೇಲೆ ಮೋಟಾರ್ ನ್ಯೂರಾನ್ ಕಾಯಿಲೆ ಹಿಡಿಯಿತು. ನಡೆಯುವುದು, ಉಣ್ಣುವುದು ಎಲ್ಲಕ್ಕೂ ಇನ್ನೊಬ್ಬರ ಕೈ ಬೇಕಾಯಿತು. 1992ರ ಜುಲೈ 31ರಂದು ತೀರಿಕೊಂಡರು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಲೆ ಕೋರ್ಟ್‌ನ ಇನ್ನೊಂದು ಕತೆ ಹೇಳದಿದ್ದರೆ ಇದು ಬರೀ ಹೊಗಳಿಕೆಯಾಗುತ್ತದೆ.

1956ರಲ್ಲಿ ಪಾಲ್ ಹಂಟ್ ಎಂಬ ಯುವಕ ಆ ಮನೆಗೆ ಬಂದರು. ಸ್ನಾಯುಗಳು ಸೋಲುತ್ತಾ ಹೋಗುವ ಮಸ್ಕ್ಯುಲರ್ ಡಿಸ್ಟ್ರೊಫಿ, ವೀಲ್‌ಚೇರ್‌ನಲ್ಲೇ ಬದುಕು. ತಲೆ ಮಾತ್ರ ಬಹಳ ಚುರುಕು. ಲೆ ಕೋರ್ಟ್‌ನ ನಿವಾಸಿಗಳು ಆಡಳಿತದ ಜೊತೆ ಜಗಳಕ್ಕೆ ನಿಂತರು. ವಿಷಯ ಏನು? ಎಷ್ಟು ಹೊತ್ತಿಗೆ ಮಲಗಬೇಕು ಎನ್ನುವುದನ್ನು ನಾವು ತೀರ್ಮಾನಿಸುತ್ತೇವೆ. ಒಂದು ಗ್ಲಾಸ್ ಕುಡಿಯಬೇಕು ಅನ್ನಿಸಿದರೆ ಕುಡಿಯುತ್ತೇವೆ. ಹುಡುಗ ಹುಡುಗಿ ಮಾತಾಡಿದರೆ ನಿಮಗೇನು? ಹೊರಗೆ ಹೋಗಿಬರಲು ಯಾಕೆ ಅನುಮತಿ? ಮನೆ ನಡೆಸುವ ಕಮಿಟಿಯಲ್ಲಿ ನಮ್ಮವರು ಯಾಕಿಲ್ಲ?

ಒಳ್ಳೆಯ ಮನಸ್ಸಿನಿಂದ ನಡೆಯುವ ಜಾಗಗಳಲ್ಲೇ ಇಂಥ ಪ್ರಶ್ನೆ ಕೇಳುವುದು ಕಷ್ಟ. ಇಷ್ಟೆಲ್ಲಾ ಮಾಡಿದ್ದೇವೆ, ಇನ್ನೇನು ಬೇಕು ಇವರಿಗೆ ಎಂಬ ಮಾತು ತಕ್ಷಣ ಬರುತ್ತದೆ. ಹಂಟ್ ಬಿಡಲಿಲ್ಲ. 1970ರಲ್ಲಿ ಮದುವೆಯಾಗಿ ಲೆ ಕೋರ್ಟ್ ಬಿಟ್ಟರು. 1972ರ ಸೆಪ್ಟೆಂಬರ್‌ನಲ್ಲಿ ಗಾರ್ಡಿಯನ್ ಪತ್ರಿಕೆಗೆ ಒಂದು ಪತ್ರ ಬರೆದು, ಇಂಥ ಮನೆಗಳಲ್ಲಿ ಇರುವವರೆಲ್ಲ ಸೇರಿ ಸಂಘಟನೆ ಕಟ್ಟೋಣ ಬನ್ನಿ ಅಂದರು. ತಮ್ಮನ್ನು ಸಮಾಜದಿಂದ ಬೇರೆಯಾಗಿ ಕೂಡಿಹಾಕುವುದನ್ನು ವಿರೋಧಿಸುವ ಅಂಗವಿಕಲರ ಒಕ್ಕೂಟ ಹುಟ್ಟಿದ್ದು ಹಾಗೆ. 1976ರಲ್ಲಿ ಆ ಒಕ್ಕೂಟ ಹೇಳಿತು: ನಮ್ಮನ್ನು ಅಶಕ್ತರನ್ನಾಗಿ ಮಾಡುತ್ತಿರುವುದು ನಮ್ಮ ದೇಹವಲ್ಲ, ಈ ಸಮಾಜ. ಇವತ್ತು ಅಂಗವಿಕಲರ ಹಕ್ಕಿನ ಬಗ್ಗೆ ಎಲ್ಲೇ ಮಾತಾಡಿದರೂ, ಮೆಟ್ಟಿಲ ಪಕ್ಕ ರ‍್ಯಾಂಪ್ ಯಾಕಿಲ್ಲ ಅಂತ ಎಲ್ಲೇ ಕೇಳಿದರೂ, ಅದರ ಹಿಂದೆ ಈ ಯೋಚನೆ ಇರುತ್ತದೆ.

ಅಂದರೆ ಚೆಶೈರ್ ಕಟ್ಟಿದ ಮೊದಲ ಮನೆಯಲ್ಲೇ ಅಂಥ ಮನೆಗಳು ಬೇಡ ಎಂಬ ಚಳವಳಿಯ ಬೇರೂ ಇತ್ತು. ನನ್ನನ್ನು ಕೇಳಿದರೆ ಈ ಜಗಳದಲ್ಲಿ ನಾನು ಹಂಟ್ ಕಡೆ. ಯಾರ ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ದೀಪ ಆರಿಸಬೇಕು ಎನ್ನುವುದು ಕರುಣೆಯ ಪ್ರಶ್ನೆಯಲ್ಲ. ಆದರೆ ಹಂಟ್ ಲೆ ಕೋರ್ಟ್‌ಗೆ ಬರುವ ಮೊದಲು ಇದ್ದದ್ದು ವಾಸಿಯಾಗದ ರೋಗಿಗಳ ಆಸ್ಪತ್ರೆ ವಾರ್ಡಿನಲ್ಲಿ, ಸಾವಿಗೆ ಕಾಯುತ್ತಿದ್ದ ಮುದುಕರ ನಡುವೆ. ಅಲ್ಲಿಂದ ಹೊರಬರಲು ಅವರಿಗೆ ಒಂದು ಬಾಗಿಲಾದರೂ ಇತ್ತು. ಅದು ತೆರೆದದ್ದು 1948ರಲ್ಲಿ, ಡೈಕ್ಸ್‌ಗೆ ಬೇರೆಲ್ಲೂ ಜಾಗ ಸಿಗದೆ ಇದ್ದಾಗ.

ಹಂಟ್ 1979ರಲ್ಲಿ, 42ನೇ ವಯಸ್ಸಿಗೆ ಹೋಗಿಬಿಟ್ಟರು. ಲೆ ಕೋರ್ಟ್ 2007ರಲ್ಲಿ ಮುಚ್ಚಿತು. ಚೆಶೈರ್ ಹೆಸರಿನ ಸಂಸ್ಥೆಗಳು ಈಗ ಕೆಲಸದ ತರಬೇತಿ, ಸ್ವಂತ ಮನೆಯಲ್ಲೇ ಇರಲು ಬೇಕಾದ ನೆರವು ಅಂತ ಮಾತಾಡುತ್ತವೆ. ಬೆಂಗಳೂರಿನಲ್ಲೂ ಅಷ್ಟೇ, ಅಂಗವಿಕಲ ಯುವಕರಿಗೆ ಟ್ರೇನಿಂಗ್ ಕೊಟ್ಟು ಕಂಪನಿಗಳಲ್ಲಿ ಕೆಲಸಕ್ಕೆ ಸೇರಿಸುವ ಕೆಲಸ ನಡೆಯುತ್ತಿದೆ. ಕೆಲಸಕ್ಕೆ ಹೋಗಲು ಅವರು ಹತ್ತಬೇಕಾದ ಬಸ್ಸಿನ ಮೆಟ್ಟಿಲು ಮಾತ್ರ ಇನ್ನೂ ಅಷ್ಟೇ ಎತ್ತರ ಇರುತ್ತದೆ, ಎಷ್ಟೋ ಸಲ.